ದಿನಕ್ಕೊಂದು ಗಂಟೆ ಇಂಗ್ಲಿಷ್: ಮ್ಯಾಡ್ರಿಡ್‌ನ ಶಿಶುಕೇಂದ್ರಗಳು ತೋರಿಸಿದ್ದೇನು?

ಸ್ಪೇನ್‌ನ ಮ್ಯಾಡ್ರಿಡ್ ಪ್ರಾಂತ್ಯದ ಹಲವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 2004ರಿಂದ ಸ್ಪ್ಯಾನಿಷ್ ಜೊತೆಗೆ ಇಂಗ್ಲಿಷಿನಲ್ಲೂ ಪಾಠ ನಡೆಯುತ್ತಿದೆ. ಮೂರು ವರ್ಷದೊಳಗಿನ ಕೂಸುಗಳಿಗೆ ಅಲ್ಲಿ ಸರ್ಕಾರವೇ ನಡೆಸುವ ಶಿಶುಕೇಂದ್ರಗಳಿವೆ. ಮನೆಯಲ್ಲಿ ಇಂಗ್ಲಿಷಿನ ಸೋಂಕೇ ಇಲ್ಲದ ಈ ಕೂಸುಗಳಿಗೆ ಎರಡನೇ ಭಾಷೆಯನ್ನು ಕೇಂದ್ರದಲ್ಲೇ ಕೊಡಲು ಸಾಧ್ಯವೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಲಿಕೆ ಮತ್ತು ಮಿದುಳು ವಿಜ್ಞಾನ ಸಂಸ್ಥೆಯ ಸಂಶೋಧಕಿಯರಾದ ನಾಯಾ ಫೆರ್ಯಾನ್ ರಾಮಿರೆಜ್ ಮತ್ತು ಪ್ಯಾಟ್ರಿಷಿಯಾ ಕೂಲ್. ಅವರ ವರದಿ 2017ರಲ್ಲಿ ಪ್ರಕಟವಾಯಿತು.

ನಾಲ್ಕು ಕೇಂದ್ರಗಳ 280 ಮಕ್ಕಳು ಇದರಲ್ಲಿದ್ದರು. ಅತಿ ಚಿಕ್ಕ ಮಗುವಿಗೆ 7 ತಿಂಗಳು, ದೊಡ್ಡದಕ್ಕೆ ಸುಮಾರು 33 ತಿಂಗಳು. ಒಂದು ಗುಂಪಿಗೆ 18 ವಾರ, ದಿನಕ್ಕೆ ಒಂದು ಗಂಟೆ, ಆಟದ ನಡುವೆಯೇ ಇಂಗ್ಲಿಷ್. ಇನ್ನೊಂದು ಗುಂಪಿಗೆ ಕೇಂದ್ರದಲ್ಲಿ ಮೊದಲಿನಿಂದ ನಡೆದುಬಂದ ಇಂಗ್ಲಿಷ್ ಕಾರ್ಯಕ್ರಮ. ಮೊದಲ ಗುಂಪನ್ನು ಆಡಿಸುವವರು ಅನುಭವಿ ಶಿಕ್ಷಕರೇನಲ್ಲ. ಎರಡು ವಾರ ತರಬೇತಿ ಪಡೆದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಆಗತಾನೇ ಪದವಿ ಮುಗಿಸಿದವರು. 18 ವಾರ ಕಳೆದಾಗ ಮೊದಲ ಗುಂಪಿನ ಮಗು ಗಂಟೆಗೆ ಸರಾಸರಿ 74 ಇಂಗ್ಲಿಷ್ ಪದ ಅಥವಾ ಪದಗುಚ್ಛಗಳನ್ನು ಆಡುತ್ತಿತ್ತು. ಎರಡನೇ ಗುಂಪಿನ ಮಗು 13. ಸ್ಪ್ಯಾನಿಷ್ ಕಲಿಕೆ ಎರಡೂ ಗುಂಪಿನಲ್ಲಿ ಒಂದೇ ಸಮ ಮುಂದುವರಿದಿತ್ತು. ಬಡವರ ಬಡಾವಣೆಯ ಕೇಂದ್ರಕ್ಕೂ ಮಧ್ಯಮ ವರ್ಗದವರ ಕೇಂದ್ರಕ್ಕೂ ಫಲಿತಾಂಶದಲ್ಲಿ ಅಂತರ ಕಾಣಲಿಲ್ಲ. ಇನ್ನೂ 18 ವಾರ ಬಿಟ್ಟು ನೋಡಿದಾಗಲೂ ಕಲಿತದ್ದು ಉಳಿದಿತ್ತು.

ಈ 74 ಅನ್ನು ಸ್ವಲ್ಪ ಹುಷಾರಾಗಿ ಓದಬೇಕು. ಇದು ಮಗುವಿಗೆ ಗೊತ್ತಿರುವ ಪದಗಳ ಸಂಖ್ಯೆಯಲ್ಲ, ಒಂದು ಗಂಟೆಯಲ್ಲಿ ಬಾಯಿಂದ ಹೊರಟದ್ದರ ಎಣಿಕೆ. ‘ಬಾಲ್’ ಎಂದು ಹತ್ತು ಸಲ ಅಂದರೂ ಗೊತ್ತಿರುವ ಪದ ಒಂದೇ. ಎಣಿಸಿದ್ದು ಹೇಗೆಂದರೆ, ಮಕ್ಕಳಿಗೆ ಎದೆಯ ಮೇಲೆ ಜೇಬಿರುವ ಪುಟ್ಟ ಅಂಗಿ ತೊಡಿಸಿ, ಅದರೊಳಗೆ ಹಗುರ ಧ್ವನಿಮುದ್ರಕ ಇಟ್ಟಿದ್ದರು.

ವಿಶ್ವವಿದ್ಯಾಲಯದವರು ಪಠ್ಯಪುಸ್ತಕ ತರಲಿಲ್ಲ. ಕೆಲವು ನಿಯಮಗಳನ್ನು ತಂದರು. ಅವುಗಳ ಹಿಂದೆ ಮೂರು ದಶಕಗಳ ಪ್ರಯೋಗಗಳಿವೆ. ಮೊದಲನೆಯದು ಕನ್ನಡಿಗರ ಕಿವಿಗೆ ಚೆನ್ನಾಗಿ ಅರ್ಥವಾಗುವಂಥದ್ದು. 1984ರಲ್ಲಿ ಕೆನಡಾದ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಮಗು ಮಡಿಲಲ್ಲಿ ಕೂತಿರುತ್ತದೆ; ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತದೆ; ಧ್ವನಿ ಬದಲಾದಾಗ ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ಆಟಿಕೆ ಬೆಳಗುತ್ತದೆ. 6ರಿಂದ 8 ತಿಂಗಳ ಹೆಚ್ಚಿನ ಕೂಸುಗಳು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಇಳಿದಿತ್ತು. ಇಂಗ್ಲಿಷಿಗೆ ಬೇಡದ ಭೇದವನ್ನು ಕಿವಿ ಕೈಬಿಟ್ಟಿತ್ತು. ಹೊರದೇಶದಲ್ಲಿ ಹುಟ್ಟಿ, ಮನೆಯಲ್ಲೂ ಇಂಗ್ಲಿಷನ್ನೇ ಕೇಳಿ ಬೆಳೆದ ಕನ್ನಡದ ಮಕ್ಕಳು ಆರನೇ ವಯಸ್ಸಿಗೆ ವಾರಾಂತ್ಯದ ಕನ್ನಡ ತರಗತಿಗೆ ಬಂದಾಗ ‘ತ’-‘ಟ’ ಭೇದಕ್ಕೆ ತಡವರಿಸುವುದರ ಬೇರು ಇಲ್ಲೇ ಇದೆ. ಆಗ ಕಲಿಯಲಾಗದು ಎಂದಲ್ಲ, ದುಡಿಮೆ ಹೆಚ್ಚು ಬೇಕು.

ಎರಡನೆಯದು ಕೂಲ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ 9 ತಿಂಗಳ ಕೂಸುಗಳ ಮುಂದೆ ಚೀನೀ ಮ್ಯಾಂಡರಿನ್ ಮಾತೃಭಾಷಿಕರು ಕೂತು ಪುಸ್ತಕ ಓದಿ, ಆಟಿಕೆ ಹಿಡಿದು ಆಡಿಸಿದರು. ತಲಾ 25 ನಿಮಿಷದ 12 ಸಲ, ಅಂದರೆ ಒಟ್ಟು 5 ಗಂಟೆ ಅಷ್ಟೇ. ಅಷ್ಟರಲ್ಲೇ ಮಕ್ಕಳು ಇಂಗ್ಲಿಷಿನಲ್ಲಿಲ್ಲದ ಒಂದು ಧ್ವನಿಭೇದವನ್ನು ಹಿಡಿದರು. ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು, ಆದರೆ ಟಿವಿ ಪರದೆಯಲ್ಲಿ ತೋರಿಸಿದಾಗ ಏನೂ ಅಂಟಲಿಲ್ಲ. ಬರೀ ಧ್ವನಿ ಕೇಳಿಸಿದಾಗಲೂ ಇಲ್ಲ. (2018ರಲ್ಲಿ ಇದೇ ಪ್ರಯೋಗಾಲಯದವರು ಎರಡೆರಡು ಕೂಸುಗಳನ್ನು ಒಟ್ಟಿಗೆ ಕೂರಿಸಿ ವಿಡಿಯೋ ತೋರಿಸಿದಾಗ ಕಲಿಕೆಯ ಸುಳಿವು ಸಿಕ್ಕಿತು. ಅಲ್ಲೂ ಪಕ್ಕದಲ್ಲಿ ಇನ್ನೊಂದು ಜೀವ ಬೇಕಾಯಿತು.) ಮಗುವಿನ ಕೈಗೆ ಮೊಬೈಲ್ ಕೊಟ್ಟು ‘ರೈಮ್ಸ್ ಕಲಿಯುತ್ತಿದೆ’ ಎಂದುಕೊಳ್ಳುವವರು ಈ ಪ್ರಯೋಗದ ಮುಂದೆ ಕ್ಷಣ ನಿಲ್ಲುವುದು ಒಳ್ಳೆಯದು.

ಇವುಗಳಿಂದ ಹುಟ್ಟಿದ ನಿಯಮಗಳು: ಮಾತು ಹೇರಳವಾಗಿ ಸಿಗಬೇಕು, ಒಬ್ಬರಿಂದಲ್ಲ, ಬೇರೆ ಬೇರೆ ದನಿಗಳಿಂದ ಬರಬೇಕು, ಆಡುವವರಿಗೆ ಆ ಭಾಷೆ ಸರಾಗವಾಗಿರಬೇಕು, ಮುದ್ದುಮಾತಿನ ಧಾಟಿ ಇರಬೇಕು, ಮಗು ತಿರುಗಿ ಬಾಯಿ ತೆರೆಯಬೇಕು. ಮುದ್ದುಮಾತು ಎಂದರೆ ‘ಬೂಬೂ ಟಾಟಾ’ ಅಲ್ಲ. ಪದ, ವ್ಯಾಕರಣ ಎಲ್ಲ ಸರಿಯಾಗಿಯೇ ಇರುತ್ತವೆ. ದನಿ ಮೇಲೇರುತ್ತದೆ, ವೇಗ ತಗ್ಗುತ್ತದೆ, ಸ್ವರಗಳು ಹಿಗ್ಗುತ್ತವೆ. ಅಮೆರಿಕ, ರಷ್ಯಾ, ಸ್ವೀಡನ್ ತಾಯಂದಿರ ಮಾತನ್ನು ಅಳೆದು, ಮೂವರೂ ಹೀಗೆ ಸ್ವರ ಹಿಗ್ಗಿಸುತ್ತಾರೆಂದು 1997ರಲ್ಲೇ ತೋರಿಸಲಾಗಿತ್ತು.

ಇದು ನೆಲಕ್ಕಿಳಿದಾಗ ಕೆಡುವುದು ಸಾಮಾನ್ಯವಾಗಿ ತಲೆಯೆಣಿಕೆಯಲ್ಲಿ. ಒಂದು ಗಂಟೆ, 12 ಮಕ್ಕಳು, ಒಬ್ಬರೇ ದೊಡ್ಡವರು: ತಲಾ 5 ನಿಮಿಷ. ಅದೇ ದೊಡ್ಡವರು ನಾಲ್ವರಿದ್ದರೆ 20 ನಿಮಿಷ. 25 ಮಕ್ಕಳಿರುವ ಅಂಗನವಾಡಿಯಲ್ಲಿ ಕಾರ್ಯಕರ್ತೆ ಒಬ್ಬರೇ ಇದ್ದರೆ ಎರಡೂವರೆ ನಿಮಿಷವೂ ಬರುವುದಿಲ್ಲ. ಆಗ ಆಕೆ ಸಹಜವಾಗಿಯೇ ಸಾಮೂಹಿಕ ಪಠಣಕ್ಕೆ ಹೊರಳುತ್ತಾರೆ: ‘ಎ ಫಾರ್ ಆ್ಯಪಲ್’. ಅದರಲ್ಲಿ ಮಾತಿನ ಸರದಿ ಇಲ್ಲ. ಮಗು ಏನಂದರೂ ಮುಂದಿನ ಸಾಲು ಅದೇ. ಎರಡನೇ ತಪ್ಪು, ‘ವಾಟ್ ಈಸ್ ದಿಸ್?’ ಎಂದು ಕಾರ್ಡ್ ಹಿಡಿದು ಕೇಳಿ ಉತ್ತರಕ್ಕೆ ಕಾಯದಿರುವುದು. ಎರಡು ವರ್ಷದ ಮಗುವಿಗೆ ನಾಲ್ಕೈದು ಸೆಕೆಂಡಾದರೂ ಬಿಡಬೇಕು. ಅದು ‘ಬಾ’ ಎಂದರೆ ‘ಬಾಲ್! ಯೂ ವಾಂಟ್ ದ ರೆಡ್ ಬಾಲ್?’ ಎಂಬಂತೆ ಅದೇ ಭಾಷೆಯಲ್ಲಿ ಹಿಗ್ಗಿಸಿ ಮರಳಿಸಬೇಕು. ಮೂರನೆಯದು, ಪ್ರತಿ ಪದಕ್ಕೂ ಕೂಡಲೇ ಅನುವಾದ ಒದಗಿಸುವುದು. ಅನುವಾದ ಬರುತ್ತದೆಂದು ಗೊತ್ತಾದರೆ ಮಗು ಅದನ್ನೇ ಕಾಯುತ್ತದೆ.

ಪ್ರಮಾಣದ ಲೆಕ್ಕ ಇನ್ನೂ ಖಾರವಾಗಿದೆ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ, 18 ವಾರ: ಹೆಚ್ಚೆಂದರೆ 90 ಗಂಟೆ. ಎರಡು ವರ್ಷದ ಮಗು ವಾರಕ್ಕೆ 80 ಗಂಟೆಯಷ್ಟು ಎಚ್ಚರವಿರುತ್ತದೆ ಎಂದುಕೊಂಡರೆ, ಇಂಗ್ಲಿಷಿನ ಪಾಲು ಶೇ. 6ರ ಆಸುಪಾಸು. ಕೇಳುವ ಮಾತಿನಲ್ಲಿ ಸುಮಾರು ಐದನೇ ಒಂದು ಭಾಗವಾದರೂ ಒಂದು ಭಾಷೆಗೆ ಸಿಗದಿದ್ದರೆ ಮಕ್ಕಳು ಅದನ್ನು ಆಡಲು ಹಿಂಜರಿಯುತ್ತಾರೆ ಎಂಬುದು ಮಯಾಮಿಯ ದ್ವಿಭಾಷಾ ಮಕ್ಕಳ ಅಧ್ಯಯನಗಳಿಂದ ಬಂದ ಅಂದಾಜು. ಹಾಗಾಗಿ ಮ್ಯಾಡ್ರಿಡ್ ಪ್ರಯೋಗ ದ್ವಿಭಾಷಿಕರನ್ನು ತಯಾರಿಸಿತು ಎನ್ನುವುದು ಉತ್ಪ್ರೇಕ್ಷೆ. ಒಳ್ಳೆಯ ಆರಂಭ ಸಿಕ್ಕಿತು ಎನ್ನಬಹುದು. ವಾರಕ್ಕೆ ಎರಡು ಗಂಟೆಯ ಕನ್ನಡ ತರಗತಿಯನ್ನೇ ನಂಬಿರುವ ಹೊರದೇಶದ ಮನೆಗಳಿಗೂ ಇದೇ ಲೆಕ್ಕ: ಶೇ. 3ಕ್ಕಿಂತ ಕಡಿಮೆ. ಉಳಿದದ್ದು ಊಟ, ಸ್ನಾನ, ಕಾರಿನ ಪ್ರಯಾಣದಲ್ಲೇ ತುಂಬಬೇಕು.

ಮುಂದಿನ ಹಂತದ ವರದಿ 2020ರಲ್ಲಿ ಬಂತು. 13 ಕೇಂದ್ರ, 800ಕ್ಕೂ ಹೆಚ್ಚು ಮಕ್ಕಳು, ದಿನಕ್ಕೆ 45 ನಿಮಿಷ. ಬೋಧಕರಿಗೆ ತರಬೇತಿ ಆನ್‌ಲೈನ್‌ನಲ್ಲಿ. ಸಿಯಾಟಲ್‌ಗೆ ಯಾರೂ ಹೋಗಬೇಕಾಗಲಿಲ್ಲ, ಆದರೂ ಕಲಿಕೆ ನಡೆಯಿತು.

ಕರ್ನಾಟಕದಲ್ಲಿ ಇದನ್ನು ‘ಇಂಗ್ಲಿಷ್ ಬೇಗ ಶುರು ಮಾಡಿ’ ಎಂದು ಓದಿಕೊಳ್ಳುವ ಆಸೆ ಬಲವಾಗಿದೆ. ಮ್ಯಾಡ್ರಿಡ್‌ನ ಬೋಧಕರಿಗೆ ಇಂಗ್ಲಿಷಿನಲ್ಲಿ ಮಗುವನ್ನು ಗದರಲು, ಸಮಾಧಾನ ಮಾಡಲು, ನಗಿಸಲು ಬರುತ್ತಿತ್ತು. ಅದಿಲ್ಲದೆ ನಿಯಮಗಳಲ್ಲಿ ಒಂದೂ ಕೆಲಸ ಮಾಡುವುದಿಲ್ಲ. ನಮ್ಮ ಎಷ್ಟೋ ಅಂಗನವಾಡಿಗಳು ಈಗಾಗಲೇ ದ್ವಿಭಾಷಾ ಕೇಂದ್ರಗಳೇ: ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಲಂಬಾಣಿ, ದಖ್ಖನಿ, ಕೇಂದ್ರದಲ್ಲಿ ಕನ್ನಡ. ಅಲ್ಲಿ ಎರಡನೇ ಭಾಷೆ ಕನ್ನಡ, ಅದನ್ನು ಸರಾಗವಾಗಿ ಆಡುವವರೂ ಇದ್ದಾರೆ. ಮನೆಮಾತನ್ನು ಬಲ್ಲ ಸಹಾಯಕಿಯೂ ಇದ್ದರೆ ಆಡಳಿತಕ್ಕೆ ಬೇರೆ ಖರ್ಚಿಲ್ಲದೆ ಎರಡು ದನಿ ಸಿಕ್ಕಂತಾಯಿತು. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಮನೆಮಾತಿಗೇ ಮೊದಲ ಸ್ಥಾನ ಕೊಟ್ಟಿದೆ.

ಅಳತೆಯಲ್ಲಿ ಮಾತ್ರ ಎಡವಬಾರದು. ದ್ವಿಭಾಷಾ ಮಗುವಿನ ಪದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿ ‘ಮಾತು ತಡ’ ಎಂದು ಬರೆದುಬಿಡುವುದು ಆಗಾಗ ಆಗುತ್ತದೆ. ಎರಡೂ ಪಟ್ಟಿ ಮಾಡಿ ಕೂಡಬೇಕು: ತುಳುವಿನಲ್ಲಿ ‘ಪೇರ್’ (ಹಾಲು), ಕನ್ನಡದಲ್ಲಿ ‘ಬೆಕ್ಕು’ ಎನ್ನುವ ಮಗುವಿಗೆ ಗೊತ್ತಿರುವುದು ಎರಡು ಪದ. ಎರಡು ವರ್ಷಕ್ಕೆ ಎರಡೂ ಭಾಷೆ ಸೇರಿ 50 ಪದ ದಾಟದಿದ್ದರೆ, ಎರಡು ಪದ ಜೋಡಿಸದಿದ್ದರೆ, ಭಾಷೆಯೊಂದನ್ನು ಬಿಡಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಕಿವಿಯ ಪರೀಕ್ಷೆ ಆಗಬೇಕು, ಆಮೇಲೆ ವಾಕ್ ತಜ್ಞರ ಭೇಟಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡೂ ಒಂದೇ ಕಡೆ ಸಿಗುತ್ತವೆ. ಹೋಗುವಾಗ ಎರಡೂ ಭಾಷೆಯ ಪಟ್ಟಿಗಳನ್ನು ಜೊತೆಗೆ ಒಯ್ಯಬೇಕು.