ತವರು: ಬಿಟ್ಟು ಹೊರಟವರ ಪದ

‘ತವರು ಪ್ರೇಕ್ಷಕರಲ್ಲಿ ಹುರುಪೇ ಕಾಣಲಿಲ್ಲ.’ ಅಮೆರಿಕದ ಬಾಸ್ಕೆಟ್‌ಬಾಲ್ ಪಂದ್ಯವೊಂದರ ವರದಿಯಲ್ಲಿ ಈ ಸಾಲು ಓದಿದೆ. ಹಿಂದಿನ ದಿನವಷ್ಟೇ ಕ್ರಿಕೆಟ್ ಸುದ್ದಿಯಲ್ಲಿ ‘ತವರಿನಲ್ಲಿ ಮುಖಭಂಗ’ ಎಂದಿತ್ತು. ತವರು ಮೈದಾನ, ತವರು ಅಂಗಣ, ತವರು ಪಂದ್ಯ ಎಲ್ಲ ಆಗಿ ಈಗ ‘ತವರು ಜೆರ್ಸಿ’ಯೂ ಬಂದಿದೆ. ಇಂಗ್ಲಿಷಿನಲ್ಲಿ ಹೋಮ್ ಎಂದು ಕಂಡಲ್ಲೆಲ್ಲ ತವರು ಎಂದು ಅಂಟಿಸಿ ಮುಂದಕ್ಕೆ ಹೋಗುವವರಿಗೆ ಒಂದು ಮಾತು ಹೇಳಲೇಬೇಕು. ಇಷ್ಟು ಕರುಳಿನ ಪದ ಹೀಗೆ ಸವೆಯುವುದನ್ನು ನೋಡುತ್ತ ಕೂರುವುದು ನನ್ನಿಂದಾಗದು.

ಮದುವೆಯಾಗದ ಹುಡುಗಿಯನ್ನು ‘ನಿನ್ನ ತವರು ಯಾವುದಮ್ಮ?’ ಎಂದು ಕೇಳಿ ನೋಡಿ. ನಕ್ಕುಬಿಟ್ಟಾಳು. ಅವಳಿಗಿರುವುದು ಮನೆ. ಮದುವೆಯಾಗಿ ಹೊಸಿಲು ದಾಟಿದ ಮರುದಿನ ಅದೇ ಹೆಂಚು, ಅದೇ ಹಿತ್ತಿಲು, ಅದೇ ಬಾವಿಕಟ್ಟೆ ತವರಾಗುತ್ತದೆ. ಮನೆ ಇದ್ದಲ್ಲೇ ಇದೆ, ಹೊರಟವಳು ಅವಳು. ಆ ಮನೆಯಲ್ಲೇ ಉಳಿದ ಅವಳ ಅಣ್ಣ ಸಾಯುವವರೆಗೂ ಅದನ್ನು ತವರು ಎನ್ನುವುದಿಲ್ಲ. ತವರಿನ ಸೀರೆ, ತವರಿನ ಹಂಬಲ, ಬಾಣಂತನಕ್ಕೆ ತವರಿಗೆ ಹೋಗುವುದು, ಇವುಗಳಲ್ಲೆಲ್ಲ ನಡುವೆ ಒಂದು ದಾರಿ ಇದ್ದೇ ಇದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಗಾದೆ ಹೇಳಿತು. ಹಾಗೆ ಹೊರಗಾದವಳು ಆ ಮಾತನ್ನು ಒಪ್ಪದೆ ಉಳಿಸಿಕೊಂಡ ಪದ ತವರು.

ಹಳಗನ್ನಡದಲ್ಲಿ ಇದು ತವರ್, ತವರ್ಮನೆ. ಹುಟ್ಟಿದ ಮನೆ ಎಂಬ ಅರ್ಥದ ಜೊತೆಗೆ ಯಾವುದೇ ವಸ್ತುವಿನ, ಗುಣದ ಮೂಲನೆಲೆ ಎಂಬ ಅರ್ಥವೂ ಇತ್ತು. ‘ಕಲೆಗಳ ತವರು’ ಎಂದು ನಾವು ಇಂದಿಗೂ ಹೇಳುವುದು ಅದರ ಮುಂದುವರಿಕೆ. ಮೂಲ ಎಂದಾಗಲೂ ಅಲ್ಲಿಂದ ಹೊರಟದ್ದು ಏನಾದರೂ ಇರಬೇಕು. ಹಾಗಾಗಿ ನಮ್ಮ ಕೊಡಗು ಕಾವೇರಿಯ ತವರು ಎನ್ನುವುದು ಸರಿ. ತಲಕಾವೇರಿಯಲ್ಲಿ ಹುಟ್ಟಿದವಳು ಇಲ್ಲಿ ನಿಲ್ಲುವುದಿಲ್ಲ. ಹಾಕಿಯ ತವರು ಎನ್ನುವುದನ್ನೂ ಒಪ್ಪುತ್ತೇನೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಈ ಜಿಲ್ಲೆಯಿಂದ ಹೊರಟು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿ ಕಂಚು ತಂದವರು. ಆದರೆ ಪ್ರವಾಸೋದ್ಯಮದ ಫಲಕಗಳಲ್ಲಿ ಕಾಣುವ ‘ಕಾಫಿಯ ತವರು ಕೊಡಗು’ ಸುತರಾಂ ಸರಿಯಲ್ಲ. ಕಾಫಿಯ ತವರು ಇಥಿಯೋಪಿಯ. ಯೆಮನ್ ದಾಟಿ, ಚಿಕ್ಕಮಗಳೂರಿನ ಬೆಟ್ಟ ಹತ್ತಿ ಇಲ್ಲಿಗೆ ಬಂದ ಗಿಡಕ್ಕೆ ಕೊಡಗು ಸೇರಿದ ಮನೆ. ಸೇರಿದ ಮನೆಯಲ್ಲಿ ಚೆನ್ನಾಗಿ ಬಾಳಿದ್ದಾಳೆಂದು ಅದನ್ನೇ ತವರು ಎನ್ನಲಾಗದು.

ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ತವರಿಗೆ ‘ತಾಮನೆ’ ಎನ್ನುತ್ತಾರೆ. ಕನ್ನಡದ ಕಿವಿಗೆ ತಾಯ ಮನೆ ಎಂದೇ ಕೇಳುವ ಪದ. ಇಲ್ಲಿನ ಪತ್ರಿಕೆಗಳಲ್ಲಿ ನಿಧನದ ಸುದ್ದಿ ನೋಡಿ: ಹೆಂಗಸಿನ ಹೆಸರಿನ ಜೊತೆ ಗಂಡನ ಕುಟುಂಬದ ಹೆಸರು, ಪಕ್ಕದಲ್ಲೇ ‘ತಾಮನೆ’ ಎಂದು ಹುಟ್ಟಿದ ಕುಟುಂಬದ ಹೆಸರು. ಎಂಬತ್ತು ವರ್ಷ ದಾಟಿದವರಿಗೂ ಅದನ್ನು ಬಿಡದೆ ಬರೆಯುತ್ತಾರೆ.

ಈ ಪದ ಮೈದಾನದಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು 2024ರಲ್ಲಿ, ನಾಪೋಕ್ಲಿನ ಚೆರಿಯಪರಂಬು ಮೈದಾನದಲ್ಲಿ. ಕುಂಡ್ಯೋಳಂಡ ಕುಟುಂಬ ಆ ವರ್ಷದ ಕೊಡವ ಕೌಟುಂಬಿಕ ಹಾಕಿ ಉತ್ಸವ ನಡೆಸಿತ್ತು. 360 ಕುಟುಂಬಗಳ ತಂಡಗಳು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಇದನ್ನು ಶುರು ಮಾಡಿದಾಗ ಇದ್ದದ್ದು 60. ನನಗಿಂತ ಎರಡು ಮೆಟ್ಟಿಲು ಕೆಳಗೆ ಒಬ್ಬರು ಅಜ್ಜಿ ಕೂತಿದ್ದರು. ತಲೆಗೆ ವಸ್ತ್ರ, ಮಡಿಲಲ್ಲಿ ಅರ್ಧ ಸುಲಿದ ಕಿತ್ತಳೆ, ಪಕ್ಕದಲ್ಲಿ ಮಡಿಚಿದ ಕೊಡೆ. ಆಡುತ್ತಿದ್ದದ್ದು ಅವರ ಗಂಡನ ಕುಟುಂಬ ಮತ್ತು ತಾಮನೆಯ ಕುಟುಂಬ. ಗಂಡನ ಕಡೆಯವರು ಗೋಲು ಹೊಡೆದಾಗ ಸುತ್ತಲಿದ್ದವರ ಜೊತೆ ಚಪ್ಪಾಳೆ ತಟ್ಟಿದರು. ಆಮೇಲೆ ತಾಮನೆ ತಂಡದ ಹನ್ನೆರಡು ಹದಿಮೂರರ ಹುಡುಗನೊಬ್ಬ ಬಲಬದಿಯ ಗೆರೆ ಹಿಡಿದು ಚೆಂಡು ಒಯ್ಯತೊಡಗಿದ. ಅಜ್ಜಿ ಎದ್ದೇಬಿಟ್ಟರು. ಕಿತ್ತಳೆ ಉರುಳಿ ನನ್ನ ಮುಂದಿನವರ ಕಾಲಡಿಗೆ ಹೋಯಿತು. ಕೊಡೆಯ ತುದಿ ಸಿಮೆಂಟಿಗೆ ಕುಟ್ಟುತ್ತಿತ್ತು. ಮೊಮ್ಮಗ ಸೆರಗು ಜಗ್ಗಿ, ನಾವು ಆ ಕಡೆಯವರಲ್ಲವಲ್ಲ ಎಂದ. ಅವರು ಹುಡುಗನಿಂದ ಕಣ್ಣು ತೆಗೆಯದೆ ‘ನಾಡ ತಾಮನೆ’ ಎಂದರು. ನಾಡ ಎಂದರೆ ನನ್ನ. ಆ ಹುಡುಗನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಯಾರ ಮನೆಯವನೆಂಬುದು ಗೊತ್ತಿತ್ತು. ಅಲ್ಲಿ ಕೂತ ಒಬ್ಬೊಬ್ಬರಿಂದಲೂ ಮೈದಾನಕ್ಕೆ ಹೀಗೊಂದು ದಾರ ಎಳೆದಿರುತ್ತದೆ. ಕೂಗಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಬಾಸ್ಕೆಟ್‌ಬಾಲ್‌ಗೆ ಬರೋಣ. ವಿರಾಜಪೇಟೆಯಲ್ಲಿರುವ ನನ್ನ ಅಕ್ಕನ ಮಗ ಬೆಳಗಿನ ಕಾಫಿ ಹೊತ್ತಿಗೆ ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುತ್ತಾನೆ. ಆಗ ಅಲ್ಲಿ ಹಿಂದಿನ ರಾತ್ರಿ. ‘ತವರಲ್ಲೇ ಆಡಿದ್ರೂ ಜನ ಯಾಕೆ ಮಾವ ಹೀಗೆ ಸುಮ್ನೆ ಕೂತಿರ್ತಾರೆ?’ ಎಂದ. ನೋಡಿದೆ. ಅಂಗಣದ ಅಂಚಿನ ಕುರ್ಚಿಯಲ್ಲಿ ಒಬ್ಬ ಆಟಕ್ಕೆ ಬೆನ್ನು ಹಾಕಿ ಪಕ್ಕದವನ ಜೊತೆ ಮಾತಾಡುತ್ತಿದ್ದ. ಧ್ವನಿವರ್ಧಕದ ಸಂಗೀತ ನಿಂತೊಡನೆ ಆಟಗಾರರ ಬೂಟು ನೆಲಕ್ಕುಜ್ಜುವ ಕೀಚು ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ಹದಿನೆಂಟು ಸಾವಿರ ಜನ ಹಿಡಿಸುವ ಕಟ್ಟಡದಲ್ಲಿ.

ಉತ್ತರ ಅವನ ಪ್ರಶ್ನೆಯ ಮೊದಲ ಪದದಲ್ಲೇ ಇದೆ. ಅದು ಅವರ ತವರು ಅಲ್ಲ. ಅವರು ಟಿಕೆಟ್ ಕೊಂಡವರು. ಅಂಗಣಕ್ಕೆ ಹತ್ತಿರದ, ಟಿವಿಯಲ್ಲಿ ಕಾಣುವ, ಸದ್ದು ಆಟಗಾರರ ಕಿವಿಗೆ ಮುಟ್ಟುವ ಕುರ್ಚಿಗಳೇ ಅತಿ ದುಬಾರಿ. ಅವುಗಳಲ್ಲಿ ಬಹಳಷ್ಟನ್ನು ಕಂಪನಿಗಳು ವರ್ಷಪೂರ್ತಿಗೆ ಹಿಡಿದಿಟ್ಟು ಗಿರಾಕಿಗಳನ್ನು ಕರೆತರುತ್ತವೆ. ಕಂಠ ಹರಿಯುವಂತೆ ಕೂಗುವವರು ಸೂರಿನ ಹತ್ತಿರ ಕೂತಿರುತ್ತಾರೆ. ಒಂದು ತಂಡ ಋತುವಿಗೆ ಆಡುವ 82 ಪಂದ್ಯಗಳಲ್ಲಿ 41 ಅದೇ ಕಟ್ಟಡದಲ್ಲಿ. ಜನವರಿಯ ಮಂಗಳವಾರ ಸೋತರೆ ಗುರುವಾರ ಮತ್ತೊಂದಿದೆ. ಆಟ 48 ನಿಮಿಷದ್ದು, ಮುಗಿಯಲು ಎರಡು ಗಂಟೆಗೂ ಹೆಚ್ಚು. ತಂಡಕ್ಕೆ ಏಳೇಳು ಟೈಮ್‌ಔಟ್, ಅಂದರೆ ಕೇಳಿ ಪಡೆಯುವ ಬಿಡುವು, ಪ್ರತಿಯೊಂದರಲ್ಲೂ ನೃತ್ಯ, ಬಹುಮಾನ, ಜಾಹೀರಾತು. ನನಗೆ ಎಲ್ಲಕ್ಕಿಂತ ಕೆಡುಕಾಗಿ ಕಾಣುವುದು ದೊಡ್ಡ ಪರದೆಯ ಅಪ್ಪಣೆ. ಈಗ ಗದ್ದಲ ಮಾಡಿ ಎಂದು ಅದು ಹೇಳುತ್ತದೆ, ಜನ ಮಾಡುತ್ತಾರೆ, ಅದು ಆರಿದಾಗ ನಿಲ್ಲಿಸುತ್ತಾರೆ. ವರ್ಷಗಟ್ಟಲೆ ಹೀಗೆ ಪಳಗಿದ ಕಂಠ ತಾನಾಗಿ ಏಳುವುದನ್ನೇ ಮರೆಯುತ್ತದೆ.

ಆಟವನ್ನು ದೂರಬೇಡಿ. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರಾನ್ ಒಳಾಂಗಣ ಹಿಡಿಸುವುದು 9,314 ಜನರನ್ನು. ವಿದ್ಯಾರ್ಥಿಗಳು ಒಳಗೆ ಜಾಗಕ್ಕಾಗಿ ಡೇರೆ ಹಾಕಿ ಮಲಗುತ್ತಾರೆ, ಅಂಗಣದ ಅಂಚಿನಲ್ಲೇ ನಿಂತು ಪಂದ್ಯ ಮುಗಿಯುವವರೆಗೂ ಕೂಗುತ್ತಾರೆ. ಹಣದ ಬದಲು ನಂಟು ಮುಂದಿನ ಸಾಲಿನಲ್ಲಿ ನಿಂತರೆ ಏನಾಗುತ್ತದೆ ಎಂಬುದು ಎನ್‌ಬಿಎ ಮಾಲೀಕರಿಗೂ ಗೊತ್ತು. 2024ರಲ್ಲಿ ತೆರೆದ ಕ್ಲಿಪ್ಪರ್ಸ್ ತಂಡದ ಇನ್‌ಟ್ಯುಯಿಟ್ ಡೋಮ್‌ನಲ್ಲಿ ಒಂದು ಬುಟ್ಟಿಯ ಹಿಂದೆ 51 ಸಾಲುಗಳನ್ನು ಒಂದೇ ಏರಾಗಿ ಕಟ್ಟಿ ‘ಗೋಡೆ’ ಎಂದು ಹೆಸರಿಟ್ಟರು, ಕೂಗುವ ಬೆಂಬಲಿಗರಿಗೆಂದೇ.

ತಂಡಗಳ ವಿಚಾರಕ್ಕೆ ಬಂದರೆ ತವರು ಎಂಬ ಮಾತು ಇನ್ನೂ ಸೋಲುತ್ತದೆ. ಲೇಕರ್ಸ್ ಎಂಬ ಹೆಸರು ಕೆರೆಗಳ ನಾಡಾದ ಮಿನೆಸೋಟದ್ದು. 1960ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು, ಕೆರೆಗಳು ಅಲ್ಲೇ ಉಳಿದವು. ಜಾಝ್ ಸಂಗೀತದ ನ್ಯೂ ಆರ್ಲಿಯನ್ಸ್‌ನಿಂದ 1979ರಲ್ಲಿ ಹೊರಟ ತಂಡ ಯೂಟಾದಲ್ಲಿ ಇಂದಿಗೂ ಜಾಝ್ ಎಂದೇ ಕರೆಸಿಕೊಳ್ಳುತ್ತದೆ. ಸಿಯಾಟಲ್‌ನವರು 2008ರಲ್ಲಿ ತಂಡವನ್ನೇ ಕಳೆದುಕೊಂಡರು. ವಾರಿಯರ್ಸ್ ತಂಡದವರು 2019ರಲ್ಲಿ ಓಕ್ಲೆಂಡ್ ಬಿಟ್ಟು ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ, ಹಳೇ ಕಟ್ಟಡದ ಅಬ್ಬರ ಹೊಸದಕ್ಕೆ ಬರಲಿಲ್ಲವೆಂದು ಹಳೇ ಅಭಿಮಾನಿಗಳು ಕೊರಗಿದರು. ತವರನ್ನು ಹೀಗೆ ಲಾರಿಗೆ ಹೇರಿಕೊಂಡು ಹೋಗಲು ಬರುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಪದಗಳಿಗೆ ಬರವಿಲ್ಲ. ಆತಿಥೇಯ ತಂಡ, ಸ್ವಂತ ಅಂಗಣ, ಊರಿನ ಪ್ರೇಕ್ಷಕರು. ಎನ್‌ಬಿಎಗೆ ಆತಿಥೇಯ ಎಲ್ಲಕ್ಕಿಂತ ಒಪ್ಪುತ್ತದೆ, ಏಕೆಂದರೆ ಕಟ್ಟಡದಲ್ಲಿ ಕೂತವರು ನಿಜವಾಗಿಯೂ ಅತಿಥಿಗಳು: ಊಟವಿದೆ, ಸಂಗೀತವಿದೆ, ಹೊತ್ತಾದಾಗ ಹೊರಡುತ್ತಾರೆ. ಪ್ರೇಕ್ಷಕ ಎಂಬುದೂ ಅಷ್ಟೇ ಸರಿ. ನೋಡುವವನು ಎಂಬುದಕ್ಕಿಂತ ಹೆಚ್ಚಿನದನ್ನು ಆ ಪದ ಯಾರಿಂದಲೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕನ ಮಗ ಹಳೆಯ ಪಂದ್ಯವೊಂದರ ತುಣುಕು ಹಾಕಿ ತೋರಿಸಿದ. 2010ರ ಡಿಸೆಂಬರ್ 2, ಕ್ಲೀವ್‌ಲ್ಯಾಂಡ್. ಹತ್ತಿರದ ಆಕ್ರನ್‌ನಲ್ಲಿ ಹುಟ್ಟಿ, ಏಳು ವರ್ಷ ಕ್ಲೀವ್‌ಲ್ಯಾಂಡ್ ತಂಡಕ್ಕೇ ಆಡಿ, ಆ ಬೇಸಿಗೆಯಲ್ಲಿ ಮಯಾಮಿ ಸೇರಿದ್ದ ಲೆಬ್ರಾನ್ ಜೇಮ್ಸ್ ಮೊದಲ ಬಾರಿ ಎದುರಾಳಿಯಾಗಿ ಬಂದಿದ್ದ. ಚೆಂಡು ಅವನ ಕೈಗೆ ಹೋದಾಗಲೆಲ್ಲ ಕಟ್ಟಡ ಒಂದೇ ಬಾಯಾಗಿ ಅವನನ್ನು ಹೀಯಾಳಿಸುತ್ತಿತ್ತು. ಪರದೆ ಯಾರಿಗೂ ಏನೂ ಹೇಳಿಕೊಡಬೇಕಿರಲಿಲ್ಲ. ಅವನು 38 ಅಂಕ ಗಳಿಸಿದ, ಅವನ ತಂಡ 118–90ರಿಂದ ಗೆದ್ದಿತು, ಆದರೂ ಅವನು ಚೆಂಡು ಮುಟ್ಟಿದಾಗ ಜನ ಸುಮ್ಮನಾಗಲಿಲ್ಲ. ನಾಲ್ಕು ವರ್ಷದ ಮೇಲೆ ಅವನು ಅಲ್ಲಿಗೇ ಮರಳಿ, 2016ರಲ್ಲಿ ಆ ತಂಡಕ್ಕೆ ಮೊದಲ ಪ್ರಶಸ್ತಿ ತಂದುಕೊಟ್ಟ.

ಡಿಸೆಂಬರಿನ ಆ ರಾತ್ರಿ ಹೊರಟು ಹೋದವನೊಬ್ಬ ಇದ್ದ, ಅವನು ಹುಟ್ಟಿದ ಕಡೆಯವರು ಇದ್ದರು, ನಡುವೆ ದಾರಿ ಇತ್ತು, ಸಿಟ್ಟೂ ಇತ್ತು. ಆ ಪಂದ್ಯದ ವರದಿಯಲ್ಲಿ ‘ಜೇಮ್ಸ್‌ಗೆ ತವರಿನವರ ಆಕ್ರೋಶ’ ಎಂದು ಬರೆಯಿರಿ. ನನ್ನ ತಕರಾರಿಲ್ಲ.