ಆಸ್ಪತ್ರೆ ಲೆಕ್ಕಕ್ಕೆ ಸಿಗದ ಹಾವು ಕಡಿತ

ಹಾವು ಕಡಿಯುವುದು ಎಲ್ಲೋ ಅಪರೂಪಕ್ಕೆ ಅಂತ ಪೇಟೆಯಲ್ಲಿ ಕೂತವರಿಗೆ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಬೇರೆಯೇ ಇದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಮಂದಿಗೆ ಹಾವು ಕಡಿಯುತ್ತದೆ. ಸಾಯುವವರು 81,000ದಿಂದ 1,38,000. ಕೈಕಾಲು ಕಳೆದುಕೊಂಡು ಉಳಿಯುವವರು, ಊನವಾಗುವವರು ಅದರ ಮೂರು ಪಟ್ಟು. ಇವರಲ್ಲಿ ಬಹುಪಾಲು ಜನ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ಹೊಲ ಗದ್ದೆ ನಂಬಿಕೊಂಡವರು.

ಹಾಗಾದರೆ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ ಯಾಕೆ? ಬಹಳ ಕಾಲ ಆಸ್ಪತ್ರೆಯ ದಾಖಲೆ ನೋಡಿ ಎಣಿಸುತ್ತಿದ್ದರು. ಬಕೆಟ್‌ಗೆ ಬಿದ್ದ ನೀರನ್ನಷ್ಟೇ ಅಳೆದು ಮಳೆ ಇಷ್ಟೇ ಅಂದಂತೆ ಅದು. ಮನೆ ಮನೆಗೆ ಹೋಗಿ ಕೇಳಿದಾಗ ಚಿತ್ರವೇ ಬದಲಾಯಿತು. ಆಗ್ನೇಯ ನೇಪಾಳದ ಒಂದು ಸಮೀಕ್ಷೆಯಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ 1,162 ಮಂದಿಗೆ ಹಾವು ಕಡಿದಿತ್ತು. ಅಂದರೆ 86 ಜನರಲ್ಲಿ ಒಬ್ಬರಿಗೆ! ಭಾರತದಲ್ಲಿ 2005ರ ಒಂದೇ ವರ್ಷದಲ್ಲಿ ಸುಮಾರು 46,000 ಮಂದಿ ಸತ್ತಿದ್ದರು ಎಂದು ಮನೆಮನೆಯ ವಿಚಾರಣೆ ಆಧಾರದ ಅಧ್ಯಯನ ತಿಳಿಸಿತು. ಆಸ್ಪತ್ರೆಗಳು ಕೊಟ್ಟ ಲೆಕ್ಕಕ್ಕಿಂತ ಇದು 30 ಪಟ್ಟಿಗೂ ಜಾಸ್ತಿ.

ಉಳಿದವರು ಎಲ್ಲಿ ಹೋದರು? ಹಲವರು ದಾರಿಯಲ್ಲೇ ಸತ್ತರು. ಇನ್ನು ಹಲವರು ಮಂತ್ರ ಹಾಕುವವರ ಬಳಿ ಹೋದರು. ಅವರನ್ನು ಸುಮ್ನೆ ಬೈಯುವ ಮೊದಲು ಆ ನಂಬಿಕೆ ಹೇಗೆ ಬೆಳೆಯಿತು ಅಂತ ನೋಡಬೇಕು, ಅಲ್ವಾ?

ಹಾವಿನ ಹಲ್ಲು ಸೂಜಿ ಇದ್ದಂತೆ. ವಿಷದ ಗ್ರಂಥಿ ಸಿರಿಂಜು. ಗ್ರಂಥಿಯ ಮೇಲಿನ ಸ್ನಾಯು ಅದನ್ನು ಒತ್ತುವ ಬೆರಳು. ಸೂಜಿ ಚುಚ್ಚಿದರೂ ಬೆರಳು ಒತ್ತದಿದ್ದರೆ ಮದ್ದು ಇಳಿಯುವುದಿಲ್ಲ. ಹಾವಿಗೆ ವಿಷ ಬೇಕಿರುವುದು ಇಲಿ, ಕಪ್ಪೆ ಹಿಡಿಯಲು. ನಮ್ಮನ್ನು ಕಚ್ಚುವುದು ಹೆದರಿ. ಆಗ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲು ಊರಿ ಬಿಡುತ್ತದೆ. ಎಷ್ಟೋ ಹಾವುಗಳಿಗೆ ವಿಷವೇ ಇಲ್ಲ. ಹೀಗಾಗಿ 54 ಲಕ್ಷ ಕಡಿತಗಳಲ್ಲಿ ಮೈಗೆ ವಿಷ ಏರುವುದು 18ರಿಂದ 27 ಲಕ್ಷ ಮಂದಿಗೆ ಮಾತ್ರ. ಉಳಿದವರಿಗೆ ಮಂತ್ರ ಹಾಕಿದರೂ ಗುಣ, ಹಾಕದಿದ್ದರೂ ಗುಣ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ, ಹೆಸರು ಮಾತ್ರ ಕಾಗೆಗೆ. ಆದರೆ ನಿಜವಾಗಿ ವಿಷ ಏರಿದವರ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

ಕಟ್ಟುಹಾವಿನ ವಿಷಯ ಇನ್ನೂ ಭಯಂಕರ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಗುರುತು ಇಲ್ಲವೆನ್ನುವಷ್ಟು ಕಡಿಮೆ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದು. ಹಾವು ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ಮದ್ದು ಹೊಸದೇನಲ್ಲ. ವಿಯೆಟ್ನಾಂನ ಸೈಗಾನ್ ಬಳಿ ಪ್ರವಾಹಕ್ಕೆ ಸಿಕ್ಕ ನಾಗರಹಾವುಗಳು ಹಳ್ಳಿಗೆ ನುಗ್ಗಿದ್ದನ್ನು ಕಂಡ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಇದರ ಬೆನ್ನು ಹತ್ತಿದರು. 1894ರಲ್ಲಿ ಪ್ರತಿವಿಷದ ಬಗ್ಗೆ ವರದಿ ಕೊಟ್ಟರು. ಇವತ್ತಿಗೂ ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದಲೇ ಮದ್ದು ತೆಗೆಯುತ್ತಾರೆ.

ಕೊರತೆ ಇರುವುದು ದಾರಿಯಲ್ಲಿ. ಅದೇ ಆಗ್ನೇಯ ನೇಪಾಳದ ಕೆಲವು ಹಳ್ಳಿಗಳಲ್ಲಿ ಬೈಕ್ ಇದ್ದ ಸ್ವಯಂಸೇವಕರನ್ನು ಗೊತ್ತುಮಾಡಿದರು. ಹಾವು ಕಡಿದವರನ್ನು ನಡುವೆ ಕೂರಿಸಿ, ಹಿಂದೊಬ್ಬರು ಹಿಡಿದುಕೊಂಡು ನೇರ ಚಿಕಿತ್ಸಾ ಕೇಂದ್ರಕ್ಕೆ ಓಡಿಸುವುದು. ಕಡಿಸಿಕೊಂಡವರಲ್ಲಿ ಮೊದಲು 100ಕ್ಕೆ ಹತ್ತು ಮಂದಿ ಸಾಯುತ್ತಿದ್ದರು. ಆಮೇಲೆ 200ಕ್ಕೆ ಒಬ್ಬರು.