ಗಡುವು ಮುಂದೆ ಹೋಯಿತು, ಅಭ್ಯಾಸ ಹಿಂದೆ ಬಿತ್ತು: ಕೋವಿಡ್ ಕಾಲದ ಎಲ್ ಬೋರ್ಡ್

ಎಲ್‌ಎಲ್‌ಆರ್ ಎಂದು ಎಲ್ಲರೂ ಕರೆಯುವ ಕಲಿಕಾ ಪರವಾನಗಿ ಕೈಗೆ ಬಂದ ದಿನದಿಂದಲೇ ಎರಡು ಗಡುವುಗಳ ಎಣಿಕೆ ಶುರುವಾಗುತ್ತದೆ. ಮೂವತ್ತು ದಿನ ತುಂಬದೆ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ಆರು ತಿಂಗಳು ದಾಟಿದರೆ ಆ ಪರವಾನಗಿಗೆ ಬೆಲೆಯಿಲ್ಲ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಆರ್‌ಟಿಒಗಳಲ್ಲಿ ಪರೀಕ್ಷೆಗಳು ನಿಂತವು, ಡ್ರೈವಿಂಗ್ ಸ್ಕೂಲ್‌ಗಳ ಕಾರುಗಳೂ ನಿಂತವು, ದಿನಗಳ ಎಣಿಕೆ ಮಾತ್ರ ನಿಲ್ಲಲಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮಾರ್ಚ್ 30ರಂದೇ ರಾಜ್ಯಗಳಿಗೆ ಸೂಚನೆ ಕಳುಹಿಸಿ, ಫೆಬ್ರವರಿ 1ರಿಂದೀಚೆಗೆ ಅವಧಿ ಮುಗಿದ, ಲಾಕ್‌ಡೌನ್‌ನಿಂದಾಗಿ ನವೀಕರಿಸಲಾಗದ ಚಾಲನಾ ಪರವಾನಗಿ ಮುಂತಾದ ದಾಖಲೆಗಳನ್ನು ಜೂನ್ 30ರವರೆಗೆ ಊರ್ಜಿತವೆಂದೇ ಪರಿಗಣಿಸುವಂತೆ ಹೇಳಿತು. ತಾತ್ಕಾಲಿಕವೆನಿಸಿದ್ದ ಆ ದಿನಾಂಕ ಸೆಪ್ಟೆಂಬರ್‌ಗೆ, ಡಿಸೆಂಬರ್‌ಗೆ, ಮರುವರ್ಷದ ಮಾರ್ಚ್‌ಗೆ, ಜೂನ್‌ಗೆ, ಸೆಪ್ಟೆಂಬರ್‌ಗೆ ಹೋಗುತ್ತಾ ಕಡೆಗೆ 2021ರ ಅಕ್ಟೋಬರ್ 31ಕ್ಕೆ ಬಂದು ನಿಂತಿತು. ಈ ವಿಷಯದಲ್ಲಿ ನಮ್ಮ ಸರ್ಕಾರ ಉದಾರವಾಗಿಯೇ ನಡೆದುಕೊಂಡಿತೆನ್ನಬೇಕು. ಬ್ರಿಟನ್ನಿನಲ್ಲಿ ಚಾಲನಾ ಪರೀಕ್ಷೆಗಳು ತಿಂಗಳುಗಟ್ಟಲೆ ನಿಂತಿದ್ದರೂ ಅದಕ್ಕೆ ಮೊದಲು ಪಾಸಾಗಬೇಕಾದ ಥಿಯರಿ ಪರೀಕ್ಷೆಯ ಫಲಿತಾಂಶಕ್ಕಿದ್ದ ಎರಡು ವರ್ಷದ ಗಡುವನ್ನು ಸಡಿಲಿಸಲಿಲ್ಲ, ಅದು ಮುಗಿದವರು ಮತ್ತೆ ಹಣ ಕಟ್ಟಿ ಬರೆಯಬೇಕಾಯಿತು.

ಆದರೆ ಆದೇಶದಿಂದ ಮುಂದೂಡಲು ಸಾಧ್ಯವಾಗುವುದು ದಿನಾಂಕವನ್ನಷ್ಟೇ. ಹಾಫ್ ಕ್ಲಚ್‌ನಲ್ಲಿ ಕಾರನ್ನು ಏರಿನ ಮೇಲೆ ಹಿಡಿದು ನಿಲ್ಲಿಸುವುದು ಪಾದಕ್ಕೆ ರೂಢಿಯಾಗಬೇಕಾದ ವಿದ್ಯೆ. ಹತ್ತು ದಿನ ಕಲಿತು ಮೂರು ತಿಂಗಳು ಮನೆಯಲ್ಲಿ ಕೂತವರು ಮತ್ತೆ ಸ್ಟಿಯರಿಂಗ್ ಹಿಡಿದಾಗ ಎಂಜಿನ್ ಜರ್ಕ್ ಹೊಡೆದು ಆಫ್ ಆಗುತ್ತದೆ, ಹಿಂದಿನ ಲಾರಿ ಹಾರ್ನ್ ಒತ್ತುತ್ತದೆ, ಪಕ್ಕದ ಸೀಟಿನ ಮೇಷ್ಟ್ರು ತಮ್ಮ ಕಾಲಡಿಯ ಎರಡನೇ ಬ್ರೇಕ್ ಒತ್ತುತ್ತಾರೆ. ಮಾಸ್ಕ್ ತೊಟ್ಟು, ಕಿಟಕಿ ಇಳಿಸಿಕೊಂಡರೂ ಇಬ್ಬರ ನಡುವೆ ಇರುವುದು ಗೇರ್ ಲಿವರ್ ಒಂದೇ. ಹೊರಗೆ ಕಾಯ್ದುಕೊಂಡ ಅಂತರ ಆ ಕಾರಿನೊಳಗೆ ಸಾಧ್ಯವಿರಲಿಲ್ಲ.

ಆ ಮೇಷ್ಟ್ರ ಪಾಡು ಹೆಚ್ಚು ಚರ್ಚೆಗೆ ಬರಲಿಲ್ಲ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪ್ಯಾಕೇಜಿನಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಮರುವರ್ಷ ಎರಡನೇ ಅಲೆಯಲ್ಲಿ ಮ್ಯಾಕ್ಸಿಕ್ಯಾಬ್ ಚಾಲಕರನ್ನೂ ಸೇರಿಸಿ ತಲಾ 3,000 ರೂಪಾಯಿ ಘೋಷಣೆಯಾಯಿತು. ಚಾಲನೆ ಕಲಿಸುವವರಿಗೆಂದು ಪ್ರತ್ಯೇಕ ನೆರವು ಅವುಗಳಲ್ಲಿರಲಿಲ್ಲ. ರಿಸರ್ವ್ ಬ್ಯಾಂಕ್ ಕೊಟ್ಟ ಆರು ತಿಂಗಳ ವಿನಾಯಿತಿಯಿಂದ ಕಾರಿನ ಸಾಲದ ಕಂತು ಮುಂದೆ ಹೋಯಿತು, ಬಡ್ಡಿ ಬೆಳೆಯುತ್ತಲೇ ಇತ್ತು.

ಇದೇ ಹೊತ್ತಿನಲ್ಲಿ ಪರವಾನಗಿ ಕೊಡುವ ಕ್ರಮವೂ ಬದಲಾಯಿತು. 2021ರ ಮಾರ್ಚ್‌ನಲ್ಲಿ ಎಲ್‌ಎಲ್‌ಆರ್ ಸೇರಿದಂತೆ 18 ಸೇವೆಗಳನ್ನು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಲು ಸಚಿವಾಲಯ ಅವಕಾಶ ಕೊಟ್ಟಿತು. ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳ ಪ್ರಕಾರ, ಅಂಥ ಕೇಂದ್ರದಲ್ಲಿ ಲಘು ವಾಹನದ 29 ಗಂಟೆಗಳ ಕೋರ್ಸ್ ಮುಗಿಸಿ ತೇರ್ಗಡೆಯಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಸಿದ್ಧತೆ ಮೊದಲೇ ನಡೆದಿದ್ದಿರಬಹುದು, ಕೋವಿಡ್ ಅದಕ್ಕೆ ವೇಗ ಕೊಟ್ಟಿತೆಂದು ನನಗನ್ನಿಸುತ್ತದೆ. ಕೇಂದ್ರಕ್ಕೆ ವಿಶಾಲವಾದ ಜಾಗ, ಸಿಮ್ಯುಲೇಟರ್, ಪರೀಕ್ಷಾ ಟ್ರ್ಯಾಕ್ ಇರಬೇಕು. ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಮಳಿಗೆ, ಎರಡು ಕಾರುಗಳನ್ನಿಟ್ಟುಕೊಂಡು ನಡೆಯುವ ಸ್ಕೂಲ್‌ಗಳಿಗೆ ಇದು ಎಟುಕುವ ಮಾತಲ್ಲ. ಅಲ್ಲಿ ಕಲಿತವರು ಈಗಲೂ ಸ್ಲಾಟ್ ಹಿಡಿದು ಆರ್‌ಟಿಒ ಟ್ರ್ಯಾಕ್‌ನಲ್ಲಿ ಇನ್‌ಸ್ಪೆಕ್ಟರ್ ಎದುರು ಎಂಟು ಹಾಕಿಯೇ ಡಿಎಲ್ ಪಡೆಯಬೇಕು.